ಬೆಂಡ್ಸ್ ಎಂಬ ಮಾತು

ಮುರುಡೇಶ್ವರದ ದಡದಿಂದ ನೇತ್ರಾಣಿ ದ್ವೀಪಕ್ಕೆ ಹೊರಟಿದ್ದ ದೋಣಿ. ಡೈವಿಂಗ್ ಹೇಳಿಕೊಡುವ ಹುಡುಗ ಗಾಳಿಯ ಸಿಲಿಂಡರು, ಮಾಸ್ಕು, ನೀರಿನೊಳಗಿನ ಕೈಸನ್ನೆ ಎಲ್ಲವನ್ನೂ ತೋರಿಸಿ ಮುಗಿಸಿ ಕೊನೆಗೆ ಹೇಳಿದ: “ಕೆಳಗೆ ಏನೇ ಹೆದರಿಕೆ ಆಗ್ಲಿ, ಮೇಲಕ್ಕೆ ಮಾತ್ರ ಒಂದೇ ಸಮ ಬರ್ಬೇಡಿ. ಬೆಂಡ್ಸ್ ಆಗ್ತದೆ.” ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂತಿದ್ದ ಹಿರಿಯರು ತಲೆಯೆತ್ತಿದರು. ಬಲೆ ಹಾಕಿಯೇ ಬದುಕು ಕಳೆದವರು. “ಬೆಂಡು ಅಂದ್ರೆ ತೇಲುವಂಥದ್ದಲ್ವಾ ಮಾರಾಯ, ಅದು ಮನುಷ್ಯನಿಗೆ ಆಗೋದು ಹೇಗೆ?” ಹುಡುಗ “ಅದು ಬೇರೆ ಬೆಂಡು ಅಜ್ಜ” ಎಂದ. ಮಾತು ಅಲ್ಲಿಗೆ ನಿಂತಿತು. ಆ ಬೇರೆ ಬೆಂಡು ಯಾವುದು, ಅದು ಯಾರ ಬಾಯಲ್ಲಿ ಹುಟ್ಟಿತು ಎಂದು ಅವತ್ತಿನಿಂದ ಹುಡುಕುತ್ತ ಬಂದೆ.

ಮೊದಲು ಅಜ್ಜನ ಬೆಂಡನ್ನೇ ನೋಡಬೇಕು. ಕನ್ನಡದ ಬೆಂಡು ಎಂದರೆ ಗಿಡದೊಳಗಿನ ಹಗುರಾದ ತಿರುಳು, ಟೊಳ್ಳಾದ ಮರ, ಕಾರ್ಕು. ಮುಳುಗಿಸಿ ಕೈಬಿಟ್ಟರೆ ಚಂಗನೆ ಮೇಲೆ ಬರುವ ವಸ್ತು. ಹೆಂಗಸರು ಕಿವಿಗೆ ಇಟ್ಟುಕೊಳ್ಳುತ್ತಿದ್ದ ಬೆಂಡೋಲೆಯಲ್ಲಿ ಇರುವುದು ಈ ಬೆಂಡೇ. ಬಾಯಲ್ಲಿಟ್ಟರೆ ಕರಗುವ ಜಾತ್ರೆಯ ಬೆಂಡು ಬತ್ತಾಸಿನಲ್ಲಿ ಇರುವುದೂ ಆ ಹಗುರತನವೇ. ದುಡಿದು ದುಡಿದು ಸಾರವೆಲ್ಲ ಹೋದವನನ್ನು ಬಸವಳಿದು ಬೆಂಡಾದ ಎನ್ನುತ್ತೇವೆ. ಮೇಲೇಳುವ ವಸ್ತುವಿನ ಹೆಸರು ಕುಸಿದುಹೋದ ಮನುಷ್ಯನಿಗೂ ಬಂದಿದೆ. ಡೈವರ್‌ಗಳ ಬೆಂಡ್ಸ್ ಕೂಡ ನೀರಿನಿಂದ ಮೇಲೇಳುವಾಗಲೇ ಬಂದು ಮನುಷ್ಯನನ್ನು ಕುಸಿಯುವಂತೆ ಮಾಡುವ ಕಾಯಿಲೆ. ಇಷ್ಟು ಹೊಂದಿಕೆ ಕಂಡಾಗ ಎರಡಕ್ಕೂ ಗಂಟು ಹಾಕಿಬಿಡಬೇಕು ಎನ್ನಿಸುತ್ತದೆ. ಪದದ ಬೆನ್ನು ಹತ್ತಿದವರು ಹತ್ತಿಕ್ಕಬೇಕಾದ ಮೊದಲ ಆಸೆಯೇ ಇದು. ಎರಡರ ದನಿ ಒಂದೇ ಆದರೂ ಅವುಗಳ ನಡುವೆ ನಂಟಿಲ್ಲ.

ನಂಟು ಇರುವುದು ಬೇರೆ ಕಡೆ. ಇಂಗ್ಲಿಷಿನ ‘ಬೆಂಡ್’ ಎಂಬ ಕ್ರಿಯಾಪದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ಬಿಲ್ಲಿಗೆ ಹೆದೆ ಏರಿಸುವುದು, ಹಗ್ಗದಿಂದ ಕಟ್ಟುವುದು. ಹೆದೆ ಕಟ್ಟಿದರೆ ಬಿಲ್ಲು ಬಾಗುತ್ತದೆ. ಕಾಲ ಕಳೆದಂತೆ ಕಟ್ಟುವ ಅರ್ಥ ಹಿಂದೆ ಸರಿದು ಬಾಗಿಸುವ ಅರ್ಥ ಮುಂದೆ ಬಂತು. ಅದರ ಬೇರು ಸಂಸ್ಕೃತದ ‘ಬಂಧ’ಕ್ಕೂ ಬೇರು. ಬಂಧನ, ಬಂಧು, ಸಂಬಂಧ, ಪ್ರಬಂಧ ಎಲ್ಲವೂ ಆ ಬಳ್ಳಿಯ ಕಾಯಿಗಳು. ಪಾರಸಿಯ ದಾರಿ ಹಿಡಿದು ನಮ್ಮಲ್ಲಿಗೆ ಬಂದ ‘ಬಂದ್’ ಕೂಡ ಅದೇ ಕುಲದ್ದು. ಅಂಗಡಿ ಬಾಗಿಲು ಮುಚ್ಚಿದ ದಿನ ನಾವು ಹೇಳುವ ಬಂದ್, ಸೈಕಲ್ ಶಾಪಿನಲ್ಲಿ ತೆಗೆಸುವ ರಿಮ್ಮಿನ ಬೆಂಡ್, ಸಮುದ್ರದಿಂದ ಎದ್ದು ಬಂದವನ ಮೊಣಕಾಲಿಗೆ ಹಿಡಿಯುವ ಬೆಂಡ್ಸ್, ಈ ಮೂರೂ ಬಹಳ ಹಿಂದೆ ಒಂದೇ ಮನೆಯವು. ಹಡಗಿನವರು ಮಾತ್ರ ಹಳೆಯ ಅರ್ಥವನ್ನು ಬಿಟ್ಟುಕೊಟ್ಟಿಲ್ಲ. ಎರಡು ಹಗ್ಗಗಳನ್ನು ಸೇರಿಸಿ ಹಾಕುವ ಗಂಟಿಗೆ ಅವರು ಇಂದಿಗೂ ‘ಬೆಂಡ್’ ಎನ್ನುತ್ತಾರೆ.

ಆದರೆ ಈ ಪದವನ್ನು ಕಾಯಿಲೆಗೆ ಅಂಟಿಸಿದವರು ಸಮುದ್ರದವರಲ್ಲ, ಅಮೆರಿಕದ ನದಿಗಳಿಗೆ ಸೇತುವೆ ಕಟ್ಟಿದ ಕೂಲಿಗಳು.

1867ರಲ್ಲಿ ಸೇಂಟ್ ಲೂಯಿ ನಗರದಲ್ಲಿ ಜೇಮ್ಸ್ ಈಡ್ಸ್ ಎಂಬ ಎಂಜಿನಿಯರ್ ಮಿಸಿಸಿಪಿ ನದಿಗೆ ಸೇತುವೆ ಕಟ್ಟಲು ತೊಡಗಿದ. ಮರಳಿನ ಅಡಿಯಲ್ಲಿರುವ ಬಂಡೆಯ ಮೇಲೆಯೇ ಕಂಬ ನಿಲ್ಲಬೇಕು ಎಂಬುದು ಅವನ ಹಟ. ಅದಕ್ಕೆ ಬಳಸಿದ ಸಾಧನ ಕೇಸನ್. ತಂಬಿಗೆಯನ್ನು ಕವುಚಿ ನೀರಿಗೆ ಅದುಮಿದರೆ ಒಳಗಿನ ಗಾಳಿ ನೀರನ್ನು ತಡೆಯುತ್ತದಲ್ಲ, ಕೇಸನ್ ಹಾಗೆ ಕವುಚಿಟ್ಟ ದೊಡ್ಡ ಪೆಟ್ಟಿಗೆ. ಮೇಲಿನಿಂದ ಪಂಪಿನಲ್ಲಿ ಗಾಳಿ ತುಂಬುತ್ತಿದ್ದರೆ ನೀರು ಒಳಗೆ ಬರುವುದಿಲ್ಲ. ಕೂಲಿಗಳು ಅದರೊಳಗೆ ಇಳಿದು ಮರಳು ತೋಡುತ್ತಾರೆ. ಪೆಟ್ಟಿಗೆ ಇಳಿಯುತ್ತ ಹೋದಂತೆ ಅದರ ಮೇಲೆ ಕಲ್ಲಿನ ಕಂಬ ಬೆಳೆಯುತ್ತ ಹೋಗುತ್ತದೆ. ಆಳ ಹೆಚ್ಚಿದಷ್ಟೂ ಒಳಗಿನ ಗಾಳಿಯ ಒತ್ತಡ ಹೆಚ್ಚಬೇಕು. ಆ ಒತ್ತಡದ ಗಾಳಿಯಲ್ಲಿ ಮೇಣದ ಬತ್ತಿಗಳು ಬೇಗ ಉರಿದು ಮುಗಿಯುತ್ತಿದ್ದವು. ಮನುಷ್ಯರ ದನಿ ಕೀರಲಾಗುತ್ತಿತ್ತು. ಶಿಳ್ಳೆ ಹಾಕಲು ಹೋದರೆ ಹೊರಡುತ್ತಿರಲಿಲ್ಲ.

ಒಳಗಿರುವಷ್ಟು ಹೊತ್ತು ಯಾರಿಗೂ ಏನೂ ಆಗುತ್ತಿರಲಿಲ್ಲ. ಪಾಳಿ ಮುಗಿಸಿ ಮೇಲೆ ಬಂದ ಮೇಲೆ ಒಬ್ಬನಿಗೆ ಮೊಣಕಾಲು, ಇನ್ನೊಬ್ಬನಿಗೆ ಭುಜ, ಮತ್ತೊಬ್ಬನಿಗೆ ಹೊಟ್ಟೆಯ ಸ್ನಾಯು ಹಿಡಿದುಕೊಳ್ಳುತ್ತಿತ್ತು. 1870ರ ವಸಂತದ ಹೊತ್ತಿಗೆ ಪೂರ್ವದ ಕಂಬ 90 ಅಡಿ ದಾಟಿತ್ತು. ಆಗ ಸಾವುಗಳು ಶುರುವಾದವು. ಸೇತುವೆ ಮುಗಿಯುವಷ್ಟರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಹೀಗೆ ಸತ್ತರು. ಕೂಲಿಗಳು ಮಣಿಕಟ್ಟಿಗೂ ಕಣಕಾಲಿಗೂ ಸತು ಮತ್ತು ಬೆಳ್ಳಿಯ ಪಟ್ಟಿ ಕಟ್ಟಿಕೊಂಡು ಕೇಸನ್ನಿಗೆ ಇಳಿಯತೊಡಗಿದರು. ಆ ಲೋಹದ ತಾಯತ ಕಾಯಿಲೆಯನ್ನು ತಡೆಯುತ್ತದೆ ಎಂಬ ನಂಬಿಕೆ ಅವರಿಗಿತ್ತು. ಈಡ್ಸ್ ನೇಮಿಸಿದ್ದ ವೈದ್ಯ ಆಲ್ಫೋನ್ಸ್ ಜಾಮಿನೆ ತಾನೇ ಒಳಗೆ ಇಳಿದು ಎರಡೂ ಮುಕ್ಕಾಲು ಗಂಟೆ ಇದ್ದು, ಮೂರೂವರೆ ನಿಮಿಷದಲ್ಲಿ ಹೊರಗಿನ ಒತ್ತಡಕ್ಕೆ ಬಂದ. ಮನೆ ಸೇರುವಷ್ಟರಲ್ಲಿ ಕೈಕಾಲಿನ ಸ್ವಾಧೀನ ಹೋಗಿತ್ತು. ಬದುಕಿ ಉಳಿದು, ತನಗಾದದ್ದನ್ನು ಬರೆದಿಟ್ಟ.

ಆ ವರ್ಷಗಳಲ್ಲಿ ಅಮೆರಿಕದ ಸಿರಿವಂತ ಹೆಂಗಸರ ನಡುವೆ ಒಂದು ನಿಲುವಿನ ಹುಚ್ಚು ಹಬ್ಬಿತ್ತು. ಬಿಗಿದ ಕಾರ್ಸೆಟ್, ಲಂಗದ ಹಿಂಭಾಗಕ್ಕೆ ಉಬ್ಬಿಸಿದ ತುರುಕು, ಸೊಂಟದಿಂದ ಮೇಲೆ ಮೈಯನ್ನು ಮುಂದಕ್ಕೆ ವಾಲಿಸಿ ನಡೆಯುವ ಠೀವಿ. ಅದರ ಹೆಸರು ‘ಗ್ರೀಷಿಯನ್ ಬೆಂಡ್’, ಗ್ರೀಕರ ಬಾಗು. ಕೇಸನ್ನಿನಿಂದ ಬಂದವನೊಬ್ಬ ನೋವು ತಡೆಯಲಾರದೆ ಸೊಂಟ ಬಗ್ಗಿಸಿಕೊಂಡು ಕುಂಟುತ್ತ ನಡೆದಾಗ, ಜೊತೆಯವರು ಅವನಿಗೆ ಗ್ರೀಕರ ಬಾಗು ಬಂದಿದೆ ಎಂದರು. ಆ ಹೆಸರೇ ಸವೆದು ‘ದಿ ಬೆಂಡ್ಸ್’ ಆಯಿತು. ಸೇಂಟ್ ಲೂಯಿಯಲ್ಲಿ ಹುಟ್ಟಿದ ಮಾತೆಂದು ಕೆಲವರು, ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯಲ್ಲಿ ಹುಟ್ಟಿದ್ದೆಂದು ಇನ್ನು ಕೆಲವರು ಹೇಳುತ್ತಾರೆ. ಊರು ಯಾವುದೇ ಇರಲಿ, ನಾಮಕರಣ ಮಾಡಿದವರು ಕೂಲಿಗಳು. ಇದನ್ನು ಬರೀ ಗೇಲಿ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮರುದಿನ ತಾವೂ ಅದೇ ಪೆಟ್ಟಿಗೆಗೆ ಇಳಿಯಬೇಕಾದವರು ಅವರು. ಹೆಸರಿಲ್ಲದ ಭಯಕ್ಕಿಂತ ಹೆಸರಿಟ್ಟ ಭಯದ ಜೊತೆ ಬದುಕುವುದು ಅವರಿಗೆ ಸುಲಭವಾಗಿತ್ತು. ಸಾಹುಕಾರರ ಮನೆಯ ಹೆಂಗಸರ ಫ್ಯಾಷನ್ನಿನಿಂದ ಕಿತ್ತು ತಂದು ಅವರು ಆ ಹೆಸರು ಇಟ್ಟುಕೊಂಡರು.

ಬ್ರೂಕ್ಲಿನ್ ಸೇತುವೆಯ ಕಥೆ ಹೆಚ್ಚು ಜನಕ್ಕೆ ಗೊತ್ತು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಕೇಸನ್ನಿನಿಂದ ಬಂದು ಬಿದ್ದವನು ಮತ್ತೆ ಸರಿಯಾಗಿ ಏಳಲಿಲ್ಲ. ಮನೆಯ ಕಿಟಕಿಯಿಂದ ಸೇತುವೆ ನೋಡುತ್ತ ಕೂತ. ಹೆಂಡತಿ ಎಮಿಲಿ ಕಟ್ಟಡದ ಗಣಿತ ಕಲಿತು, ದಿನವೂ ಕೆಲಸದ ಜಾಗಕ್ಕೆ ಹೋಗಿ ಬಂದು, 1883ರಲ್ಲಿ ಸೇತುವೆ ಮುಗಿಯುವವರೆಗೆ ಗಂಡನ ಕೈಕಾಲಾದಳು. ಅಲ್ಲಿನ ವೈದ್ಯ ಆಂಡ್ರೂ ಸ್ಮಿತ್ 110 ಪ್ರಕರಣಗಳನ್ನು ದಾಖಲಿಸಿ 1873ರಲ್ಲಿ ಕಾಯಿಲೆಗೆ ‘ಕೇಸನ್ ರೋಗ’ ಎಂದು ಹೆಸರಿಟ್ಟ. ಮತ್ತೆ ಒತ್ತಡಕ್ಕೆ ಒಳಪಡಿಸಿದರೆ ನೋವು ಇಳಿಯುತ್ತದೆ ಎಂದು ಅವನಿಗೆ ತಿಳಿದಿತ್ತು. ಮುಂದಿನ ಕಾಮಗಾರಿಗಳಲ್ಲಿ ಅಂಥದೊಂದು ಕೋಣೆ ಇರಲಿ ಎಂದು ಬರೆದನೇ ಹೊರತು ತಾನು ಕಟ್ಟಿಸಲಿಲ್ಲ. 1889ರ ಸುಮಾರಿಗೆ ಹಡ್ಸನ್ ನದಿಯ ಸುರಂಗದಲ್ಲಿ ಅರ್ನೆಸ್ಟ್ ಮಾಯ್ರ್ ಆ ಕೋಣೆ ಕಟ್ಟಿಸಿದಾಗ ಸಾವು ಥಟ್ಟನೆ ಇಳಿಯಿತು. ಎಷ್ಟು ಜೀವಗಳಿಗೆ ಈ ಹದಿನೈದು ಚಿಲ್ಲರೆ ವರ್ಷ ತಡವಾಯಿತೋ ಎಂದು ಓದುವಾಗ ಸಂಕಟವಾಗುತ್ತದೆ.

ಕಾರಣವನ್ನು ಖಚಿತವಾಗಿ ತೋರಿಸಿಕೊಟ್ಟವನು ಫ್ರಾನ್ಸಿನ ಪಾಲ್ ಬೆರ್, 1878ರಲ್ಲಿ. ನಾವು ಉಸಿರಾಡುವ ಗಾಳಿಯ ಐದರಲ್ಲಿ ನಾಲ್ಕು ಪಾಲು ಸಾರಜನಕ. ಒತ್ತಡ ಹೆಚ್ಚಿದಾಗ ಅದು ರಕ್ತದಲ್ಲೂ ಕೊಬ್ಬಿನಲ್ಲೂ ಕರಗಿ ಸೇರಿಕೊಳ್ಳುತ್ತದೆ. ಒತ್ತಡ ಥಟ್ಟನೆ ಇಳಿದರೆ ಗುಳ್ಳೆಯಾಗಿ ಹೊರಬರುತ್ತದೆ. ಗೋಲಿಸೋಡಾದ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿದ ಕ್ಷಣ ಬಾಟಲಿಯೊಳಗೆ ಆಗುವುದೇ ಮೈಯೊಳಗೂ ಆಗುತ್ತದೆ. ಗೋಲಿಯನ್ನು ಕೂದಲೆಳೆಯಷ್ಟು ಸರಿಸಿ ತಾಸುಗಟ್ಟಲೆ ಕಾಯುವ ತಾಳ್ಮೆ ಇದ್ದರೆ ಸೋಡಾ ನೊರೆಯೇಳುವುದಿಲ್ಲ. ಎಷ್ಟು ಸರಿಸಬೇಕು, ಎಷ್ಟು ಕಾಯಬೇಕು? ಮುಂದಿನ ನೂರೈವತ್ತು ವರ್ಷ ಎಲ್ಲರೂ ಲೆಕ್ಕ ಹಾಕುತ್ತ ಬಂದಿರುವುದು ಇದನ್ನೇ.

ಲೆಕ್ಕ ಬೆಳೆದಂತೆ ಹೆಸರುಗಳೂ ಬೆಳೆದವು. ಕೇಸನ್ ರೋಗ ಹೋಗಿ ಒತ್ತಿದ ಗಾಳಿಯ ಕಾಯಿಲೆ ಬಂತು, ಅದೂ ಹೋಗಿ ಡಿಕಂಪ್ರೆಷನ್ ಸಿಕ್‌ನೆಸ್ ನಿಂತಿತು. ಬೆಂಡ್ಸ್ ಮಾತ್ರ ಯಾವ ಗ್ರಂಥದ ಒಪ್ಪಿಗೆಯನ್ನೂ ಕಾಯದೆ ಉಳಿಯಿತು. ಅದಕ್ಕೆ ಒಡಹುಟ್ಟುಗಳೂ ಸೇರಿಕೊಂಡವು. ಎದೆ ಬಿಗಿದು ಉಸಿರು ಕಟ್ಟಿದರೆ ‘ಚೋಕ್ಸ್’, ತಲೆ ತಿರುಗಿ ತೂರಾಡಿದರೆ ‘ಸ್ಟ್ಯಾಗರ್ಸ್’, ಕೀಲಿನಲ್ಲಿ ಸಣ್ಣಗೆ ಚುಳುಕೆಂದರೆ ‘ನಿಗಲ್ಸ್’. ಇವೆಲ್ಲ ಆಡುಮಾತುಗಳು. ಹೊರಗೆ ಏನು ಕಾಣುತ್ತದೆ, ಒಳಗೆ ಏನು ಅನ್ನಿಸುತ್ತದೆ ಎಂಬುದಷ್ಟೇ ಇವುಗಳ ಆಧಾರ. ದಕ್ಷಿಣ ಪೆಸಿಫಿಕ್‌ನ ಟುವಾಮೋಟು ದ್ವೀಪಗಳಲ್ಲಿ ಉಸಿರು ಕಟ್ಟಿ ಮುತ್ತಿನ ಚಿಪ್ಪಿಗೆ ಮುಳುಗುವವರು ದಿನವಿಡೀ ಏರಿಳಿದು ಕೊನೆಗೆ ಮತಿಗೆಟ್ಟು ಬೀಳುವುದಕ್ಕೆ ‘ತಾರವಾನ’ ಎಂಬ ತಮ್ಮದೇ ಪದ ಇಟ್ಟುಕೊಂಡಿದ್ದಾರೆ. ನಾವು ಕನ್ನಡದಲ್ಲಿ ಒತ್ತಡ ಇಳಿತದ ಕಾಯಿಲೆ ಎಂದು ಬರೆಯಬಹುದು, ಆಸ್ಪತ್ರೆಯ ಕಾಗದಕ್ಕೆ ಅದು ಸರಿ. ದೋಣಿಯಲ್ಲಿ ಕೂಗಿ ಹೇಳಲು ಬೆಂಡ್ಸ್ ಎಂಬುದೇ ಇರಲಿ ಎನ್ನುವವನು ನಾನು.

ಈ ಆಡುಮಾತು ವಿಜ್ಞಾನದ ಮನೆಯೊಳಗೆ ಹೊಕ್ಕ ಗಳಿಗೆಯೊಂದಿದೆ. ಅದರಲ್ಲಿ ಮನುಷ್ಯರಿಗಿಂತ ಆಡುಗಳ ಪಾತ್ರ ದೊಡ್ಡದು. ಬ್ರಿಟಿಷ್ ನೌಕಾಪಡೆಗಾಗಿ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಉಕ್ಕಿನ ಕೋಣೆಯೊಳಗೆ ಆಡುಗಳನ್ನು ಕೂಡಿ, ಒತ್ತಡ ಏರಿಸಿ ಇಳಿಸಿ ನೋಡಿದ. ನೋವಾದ ಆಡು ಏನು ಮಾಡುತ್ತದೆ? ಮುಂಗಾಲನ್ನು ನೆಲಕ್ಕೆ ಊರದೆ ಮಡಚಿ ಎತ್ತಿ ಹಿಡಿಯುತ್ತದೆ. ಬಾಯ್ಕಾಟ್ ಮತ್ತು ಡಾಮಂಟ್ ಜೊತೆ ಹಾಲ್ಡೇನ್ 1908ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಆಡಿನ ಆ ಮಡಚಿದ ಕಾಲಿಗೆ ಇಟ್ಟ ಹೆಸರು ಬೆಂಡ್ಸ್. ಕೂಲಿಯ ಬಾಗಿದ ಸೊಂಟದಿಂದ ಹೊರಟ ಪದ ಆಡಿನ ಬಾಗಿದ ಕಾಲಿಗೆ ಬಂದು, ಅಲ್ಲಿ ಎಣಿಸಬಹುದಾದ ಲಕ್ಷಣವಾಯಿತು.

ಹಾಲ್ಡೇನ್ ಕಂಡುಕೊಂಡ ನಿಯಮ ಸರಳ. 10 ಮೀಟರ್ ನೀರಿನಡಿ ಒತ್ತಡ ದಡದ ಎರಡರಷ್ಟು. ಅಲ್ಲಿ ಎಷ್ಟು ಹೊತ್ತು ಇದ್ದು ನೇರ ಮೇಲೆ ಬಂದರೂ ತೊಂದರೆ ಕಾಣಲಿಲ್ಲ. ಹಾಗಾದರೆ ಯಾವ ಆಳದಲ್ಲಿದ್ದರೂ ಒತ್ತಡ ಅರ್ಧವಾಗುವವರೆಗೆ ಬೇಗ ಬರಬಹುದು, ಆಮೇಲೆ ಹಂತ ಹಂತವಾಗಿ ನಿಂತು ನಿಂತು ಏರಬೇಕು. ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಅನಿಲ ಹೀರುವುದಿಲ್ಲವಾದ್ದರಿಂದ ಅವನು ಐದು ಬಗೆಯ ‘ಟಿಶ್ಯೂ’ಗಳನ್ನು ಊಹಿಸಿದ. ಅರ್ಧ ತುಂಬಲು ಒಂದಕ್ಕೆ 5 ನಿಮಿಷ, ಉಳಿದವಕ್ಕೆ 10, 20, 40, 75. ಬಾಯಿ ಅಗಲವಾದ ಕೊಳಗ ಬೇಗ ತುಂಬಿ ಬೇಗ ಬರಿದಾಗುತ್ತದೆ, ಕಿರುಗೊರಳಿನ ಹೂಜಿ ತಡವಾಗಿ. ಟಿಶ್ಯೂ ಎಂದರೆ ಮೂಲದಲ್ಲಿ ನೇಯ್ದದ್ದು. ಹಾಲ್ಡೇನ್‌ನ ಟಿಶ್ಯೂ ಮೈಯ ಯಾವ ನೇಯ್ಗೆಗೂ ಸರಿಯಾಗಿ ಹೊಂದುವುದಿಲ್ಲ, ಅದು ಲೆಕ್ಕದ ಅನುಕೂಲಕ್ಕೆ ಹುಟ್ಟಿದ್ದು. ಅದಕ್ಕೇ ಮುಂದಿನವರು ‘ಕಂಪಾರ್ಟ್‌ಮೆಂಟ್’ ಎಂಬ ಪ್ರಾಮಾಣಿಕ ಪದಕ್ಕೆ ಬಂದರು. 1906ರ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಕಡಲಲ್ಲಿ ಈ ಲೆಕ್ಕ ನಂಬಿ ಡಾಮಂಟ್ 210 ಅಡಿ ಇಳಿದು ಬಂದ. ಆ ಹಡಗಿನಲ್ಲಿ ಹಾಲ್ಡೇನ್‌ನ 13 ವರ್ಷದ ಮಗನೂ ಇದ್ದ, ಅವನಿಗೂ ಡೈವಿಂಗ್ ಪೋಷಾಕು ತೊಡಿಸಿ ನೀರಿಗಿಳಿಸಿದ್ದರು. ಮುಂದೆ ಭಾರತದ ಪೌರನಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಅವರೇ ಆ ಹುಡುಗ.

ಆಮೇಲಿನ ಕಥೆ ಆ ಐದು ಪಾತ್ರೆಗಳನ್ನು ತಿದ್ದಿದ ಕಥೆ. ಅಮೆರಿಕ ನೌಕಾಪಡೆಯ ರಾಬರ್ಟ್ ವರ್ಕ್‌ಮನ್ 1965ರಲ್ಲಿ ಪ್ರತಿ ಪಾತ್ರೆಗೂ ಪ್ರತಿ ಆಳಕ್ಕೂ ತಡೆಯಬಲ್ಲ ಗರಿಷ್ಠ ಮಿತಿಯನ್ನು ಬೇರೆ ಬೇರೆಯಾಗಿ ಗೊತ್ತುಮಾಡಿ ಅದಕ್ಕೆ ‘ಎಂ ವ್ಯಾಲ್ಯೂ’ ಎಂದ. ಜ್ಯೂರಿಕ್ಕಿನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ದಶಕಗಳ ಕಾಲ ಒತ್ತಡದ ಕೋಣೆಯಲ್ಲೂ ಎತ್ತರದ ಸರೋವರಗಳಲ್ಲೂ ಪರೀಕ್ಷಿಸಿ ಪಾತ್ರೆಗಳನ್ನು 16ಕ್ಕೆ ಏರಿಸಿದ. ಅವುಗಳಲ್ಲಿ ವೇಗದ್ದು 4 ನಿಮಿಷದ್ದು, ನಿಧಾನದ್ದು 635 ನಿಮಿಷದ್ದು. ಊರಿನ ಹೆಸರು ಹೊತ್ತ ಆ ‘ಜೆಡ್ ಎಚ್ ಎಲ್ 16’ ಇಂದು ಜಗತ್ತಿನ ಬಹಳಷ್ಟು ಡೈವ್ ಕಂಪ್ಯೂಟರುಗಳ ಒಳಗೆ ಓಡುತ್ತಿದೆ. ಬ್ಯೂಲ್‌ಮನ್ ತನ್ನ ಲೆಕ್ಕವನ್ನು ಮುಚ್ಚಿಡದೆ 1983ರಲ್ಲಿ ಪುಸ್ತಕವಾಗಿ ಪ್ರಕಟಿಸಿದ್ದೇ ಇದಕ್ಕೆ ದೊಡ್ಡ ಕಾರಣ. ಯಾರು ಬೇಕಾದರೂ ತೆರೆದು ನೋಡಬಹುದಾದ ವಿದ್ಯೆ ಹೆಚ್ಚು ಕಾಲ ಬಾಳಿತು.

ಲೆಕ್ಕ ಕಾಗದದ ಕೋಷ್ಟಕದಿಂದ ಮಣಿಕಟ್ಟಿಗೆ ಬರುವ ದಾರಿಯಲ್ಲೂ ಬೆಂಡ್ಸ್ ಹಾಜರಿದೆ. 1959ರಲ್ಲಿ ಇಟಲಿಯಲ್ಲಿ ಒಂದು ಯಂತ್ರ ಬಂತು. ಅದರೊಳಗೊಂದು ಅನಿಲದ ಚೀಲ. ನೀರಿನ ಒತ್ತಡಕ್ಕೆ ಅನಿಲವು ಸೂಕ್ಷ್ಮ ರಂಧ್ರಗಳ ಪಿಂಗಾಣಿ ತುಂಡಿನ ಮೂಲಕ ಜಿನುಗಿ ಇನ್ನೊಂದು ಕೋಣೆ ಸೇರುತ್ತದೆ, ಮುಳ್ಳು ಸರಿಯುತ್ತದೆ. ಮುಳ್ಳು ಕೆಂಪಿನಲ್ಲಿದ್ದಷ್ಟು ಹೊತ್ತು ಮೇಲೆ ಹೋಗಬಾರದು. ಮಾಡಿದವರ ಜಾಣ್ಮೆ ದೊಡ್ಡದು. ಆದರೆ ಒಂದೇ ಪಿಂಗಾಣಿ ತುಂಡು ಇಡೀ ಮೈಯನ್ನು ಪ್ರತಿನಿಧಿಸಲಾರದು. ಅದನ್ನು ನಂಬಿ ಪೆಟ್ಟು ತಿಂದವರು ಅದಕ್ಕೆ ‘ಬೆಂಡ್ ಒ ಮ್ಯಾಟಿಕ್’ ಎಂದು ಹೆಸರಿಟ್ಟರು. ಸೇತುವೆಯ ಕೂಲಿಗಳಂತೆ ಡೈವರುಗಳೂ ತಮ್ಮ ಅನುಭವದಿಂದಲೇ ಹೆಸರು ಕಡೆದರು. 1983ರಲ್ಲಿ ಡೆಕೋಬ್ರೇನ್, ಓರ್ಕಾ ಎಡ್ಜ್ ಎಂಬ ಎಲೆಕ್ಟ್ರಾನಿಕ್ ಯಂತ್ರಗಳು ಬಂದವು. ಎಡ್ಜ್‌ನ ಪರದೆಯ ಮೇಲೆ 12 ಪಾತ್ರೆಗಳೂ ಕಡ್ಡಿಗಳಂತೆ ಸಾಲಾಗಿ ಕಾಣುತ್ತಿದ್ದವು. ಡೈವರ್ ಮೊದಲ ಬಾರಿಗೆ ತನ್ನೊಳಗೆ ತುಂಬುತ್ತಿರುವುದನ್ನು ನೀರಿನಲ್ಲಿದ್ದಾಗಲೇ ಕಣ್ಣಾರೆ ನೋಡಿದ. ಅಷ್ಟೇ, ನೋಡಿದ್ದು ಊಹೆಯನ್ನು.

ಟೆಕ್ನಿಕಲ್ ಡೈವಿಂಗ್ ಮಾಡುವವರಿಗೆ ಈ ಊಹೆಯ ಬೆಲೆ ಚೆನ್ನಾಗಿ ಗೊತ್ತು. ಅವರು 60 ಮೀಟರಿಗೂ ಅದಕ್ಕಿಂತ ಆಳಕ್ಕೂ ಹೀಲಿಯಂ ಬೆರೆತ ಅನಿಲ ಉಸಿರಾಡುತ್ತ ಇಳಿಯುತ್ತಾರೆ. ತಳದಲ್ಲಿ 20 ನಿಮಿಷ ಕಳೆದು, ಅದರ ಹಲವು ಪಟ್ಟು ಹೊತ್ತನ್ನು ಏರುವುದರಲ್ಲಿ ಕಳೆಯುತ್ತಾರೆ. ಅವರ ತಲೆಯ ಮೇಲೆ ಕಂಪ್ಯೂಟರು ಒಂದು ಕಾಣದ ಸೂರನ್ನು ಕಟ್ಟುತ್ತದೆ, ಅವರ ಮಾತಿನಲ್ಲಿ ಅದು ‘ಸೀಲಿಂಗ್’. ಅದಕ್ಕೆ ತಲೆ ತಾಗಿಸದೆ, ಅದು ಮೇಲೆ ಸರಿದಂತೆ ತಾವೂ ಸರಿಯಬೇಕು. ಎರಡು ಮಣಿಕಟ್ಟಿನಲ್ಲಿ ಎರಡು ಕಂಪ್ಯೂಟರು ಕಟ್ಟಿಕೊಳ್ಳುವುದು ರೂಢಿ. ಅವೆರಡರೊಳಗಿನ ಲೆಕ್ಕ ಬೇರೆಯಾಗಿದ್ದರೆ ಒಂದು ಇಲ್ಲೇ ನಿಲ್ಲು ಎನ್ನುತ್ತದೆ, ಇನ್ನೊಂದು ಇನ್ನೂ ಮೇಲೆ ಹೋಗಬಹುದು ಎನ್ನುತ್ತದೆ. ಯಾವುದನ್ನು ನಂಬುವುದು?

ಜಗಳದ ಮೂಲ ಇಷ್ಟು. ಹಾಲ್ಡೇನ್, ಬ್ಯೂಲ್‌ಮನ್ ಸಾಲಿನವರು ಲೆಕ್ಕ ಹಾಕುವುದು ಕರಗಿದ ಅನಿಲವನ್ನು. ಮಿತಿಯೊಳಗಿದ್ದರೆ ಸಾಕು ಎಂಬ ನಿಲುವು. ಹವಾಯಿಯ ಡೇವಿಡ್ ಯೌಂಟ್ ಜೆಲಟಿನ್ ಮುದ್ದೆಯಲ್ಲಿ ಗುಳ್ಳೆ ಏಳುವುದನ್ನು ನೋಡಿ, ಬೀಜದಂಥ ಸಣ್ಣ ಗುಳ್ಳೆಗಳು ಮೊದಲೇ ಇರುತ್ತವೆ, ಅವು ಬೆಳೆಯದಂತೆ ತಡೆಯುವುದೇ ಕೆಲಸ ಎಂದ. ಅದರಿಂದ ಬಂದದ್ದು ‘ವಿ ಪಿ ಎಂ’. ಬ್ರೂಸ್ ವೀಂಕಿ ಕಟ್ಟಿದ ‘ಆರ್ ಜಿ ಬಿ ಎಂ’ ಕೂಡ ಗುಳ್ಳೆಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಗುಳ್ಳೆ ಚಿಕ್ಕದಿದ್ದಾಗಲೇ ಅದುಮಬೇಕಾದರೆ ಆಳದಲ್ಲೇ ಮೊದಲ ನಿಲುಗಡೆ ಬೇಕು. ಇದಕ್ಕೆ ಒಂದು ಅನುಭವವೂ ಜೊತೆಯಾಯಿತು. ರಿಚರ್ಡ್ ಪೈಲ್ ಎಂಬ ಮೀನುವಿಜ್ಞಾನಿ ಆಳದಿಂದ ಜೀವಂತ ಮೀನು ಹಿಡಿದು ತರುವಾಗ, ಅವುಗಳ ಗಾಳಿಚೀಲ ಉಬ್ಬಿ ಒಡೆಯದಿರಲೆಂದು ನಡುವೆ ನಿಂತು ಸೂಜಿಯಿಂದ ಚುಚ್ಚಿ ಗಾಳಿ ಬಿಡಿಸುತ್ತಿದ್ದ. ಮೀನು ಸಿಕ್ಕು ಹಾಗೆ ನಿಂತ ದಿನಗಳಲ್ಲಿ ತನಗೆ ಸಂಜೆಯ ಸುಸ್ತು ಕಡಿಮೆ ಎಂದು ಗಮನಿಸಿದ. ಆಳದ ನಿಲುಗಡೆ ಮಂತ್ರವಾಯಿತು. 1990ರ ದಶಕದ ಕೊನೆಯಲ್ಲಿ ಎರಿಕ್ ಬೇಕರ್ ಎಂಬ ಎಂಜಿನಿಯರ್ ಬ್ಯೂಲ್‌ಮನ್‌ನ ಮಿತಿಗಳ ಒಳಗೆ ಎಷ್ಟು ಪಾಲಿನಲ್ಲಿ ನಿಲ್ಲಬೇಕು ಎಂದು ಡೈವರೇ ಆರಿಸಿಕೊಳ್ಳುವ ‘ಗ್ರೇಡಿಯೆಂಟ್ ಫ್ಯಾಕ್ಟರ್’ ಹೊಂದಿಸಿಕೊಟ್ಟ. 30/70 ಎಂದರೆ ಮಿತಿಯ ಕಡೆಗೆ ನೂರರಲ್ಲಿ 30 ಪಾಲು ಸರಿದಾಗ ಮೊದಲ ನಿಲುಗಡೆ, 70 ಪಾಲಿನಲ್ಲಿ ನೀರಿನಿಂದ ಹೊರಗೆ.

ಅಮೆರಿಕ ನೌಕಾಪಡೆಯ ಪ್ರಾಯೋಗಿಕ ಡೈವಿಂಗ್ ಘಟಕ ಪನಾಮಾ ಸಿಟಿಯಲ್ಲಿ ಈ ಮಂತ್ರವನ್ನು ಒರೆಗೆ ಹಚ್ಚಿತು. 170 ಅಡಿ ಆಳ, 30 ನಿಮಿಷ, ದುಡಿಮೆ. ಏರುವ ನಿಲುಗಡೆಗಳಿಗೆ ಎರಡೂ ಗುಂಪಿಗೆ ತಲಾ 174 ನಿಮಿಷ. ಒಂದು ಗುಂಪಿಗೆ ನಿಲುಗಡೆ ಆಳದಲ್ಲಿ, ಇನ್ನೊಂದಕ್ಕೆ ಮೇಲುಭಾಗದಲ್ಲಿ. ಮೇಲುಭಾಗದಲ್ಲಿ ನಿಂತವರ 192 ಡೈವ್‌ಗಳಲ್ಲಿ ಬೆಂಡ್ಸ್ ಆದದ್ದು 3 ಬಾರಿ. ಆಳದಲ್ಲಿ ನಿಂತವರ 198 ಡೈವ್‌ಗಳಲ್ಲಿ ಅದರ ಮೂರು ಪಟ್ಟಿಗೂ ಹೆಚ್ಚು. ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ವರದಿ ಬಂದದ್ದು 2011ರಲ್ಲಿ. ಆಳದಲ್ಲಿ ಕಾಯುವಾಗ ನಿಧಾನದ ಹೂಜಿಗಳು ಇನ್ನೂ ತುಂಬುತ್ತಲೇ ಇರುತ್ತವೆ, ಅಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಸಾಲವನ್ನು ಮೇಲೆ ತೀರಿಸಬೇಕಾಗುತ್ತದೆ. ಅಂದಿನಿಂದ ಆಳದ ನಿಲುಗಡೆಯ ಭರಾಟೆ ಇಳಿದು, ಗ್ರೇಡಿಯೆಂಟ್ ಫ್ಯಾಕ್ಟರ್‌ನ ಮೊದಲ ಅಂಕಿಯನ್ನು 40, 50ಕ್ಕೆ ಏರಿಸುವವರು ಹೆಚ್ಚಿದರು. ಗುಳ್ಳೆಯ ಮಾದರಿಗಳು ಕೇಳಲು ಹೆಚ್ಚು ಸತ್ಯವೆನಿಸುತ್ತವೆ, ಗುಳ್ಳೆ ಇರುವುದೂ ನಿಜ. ಆದರೆ ಚೆಂದದ ವಿವರಣೆಗಿಂತ ಆ 192 ಮತ್ತು 198 ಡೈವ್‌ಗಳ ಸಾಕ್ಷಿ ನನಗೆ ದೊಡ್ಡದು. ಕಂಪ್ಯೂಟರು ಕೊಳ್ಳುವವರು ಲೆಕ್ಕ ಬಹಿರಂಗವಾಗಿರುವ, ಅಂಕಿಯನ್ನು ತಾವೇ ಹೊಂದಿಸಬಹುದಾದ ಯಂತ್ರವನ್ನೇ ಆರಿಸಲಿ. ಎರಡೂ ಕೈಗೆ ಒಂದೇ ಮಾದರಿಯದನ್ನು ಕಟ್ಟಲಿ. ಕೆಲವು ಕಂಪನಿಗಳು ಒಳಗಿನ ಲೆಕ್ಕವನ್ನು ಪೂರ್ತಿ ಬಿಚ್ಚಿಡುವುದಿಲ್ಲ. ಜೀವವನ್ನು ಒಪ್ಪಿಸುವ ಜಾಗದಲ್ಲಿ ಗುಟ್ಟಿಗೆ ಎಡೆಯಿರಬಾರದು.

ಈಗ ಪದದ ಕೊನೆಯ ತಿರುವಿಗೆ ಬಂದೆ. ಡೈವರ್ ಸೀಲಿಂಗ್ ಮೀರಿ ಮೇಲೆ ಬಂದು ಅಲ್ಲೇ ಉಳಿದುಬಿಟ್ಟರೆ ಕೆಲವು ಕಂಪ್ಯೂಟರುಗಳು ತಪ್ಪಿನ ಗುರುತು ತೋರಿಸಿ, 48 ಗಂಟೆ ಲೆಕ್ಕ ಹಾಕುವುದನ್ನೇ ನಿಲ್ಲಿಸುತ್ತವೆ. ಇದಕ್ಕೆ ಡೈವರುಗಳು ಹೇಳುವ ಮಾತು, ಕಂಪ್ಯೂಟರ್ ‘ಬೆಂಟ್’ ಆಯಿತು. ಬಾಗಿದ ಸೊಂಟ, ಮಡಚಿದ ಆಡಿನ ಕಾಲು, ಈಗ ಬಾಗದ ಪ್ಲಾಸ್ಟಿಕ್ಕು. ಯಂತ್ರ ಬೆಂಟ್ ಆದರೂ ಮನುಷ್ಯ ಏನೂ ಆಗದೆ ನಗುತ್ತ ದೋಣಿ ಹತ್ತಬಹುದು. ಯಂತ್ರ ಎಲ್ಲ ಸರಿ ಎಂದು ತೋರಿಸುತ್ತಿರುವಾಗ ಮನುಷ್ಯ ಬೆಂಟ್ ಆಗಬಹುದು. ಎರಡನೆಯದಕ್ಕೂ ಅವರಲ್ಲಿ ಒಂದು ಹೆಸರಿದೆ, ‘ಅನ್‌ಡಿಸರ್ವ್ಡ್ ಹಿಟ್’, ಮಾಡದ ತಪ್ಪಿಗೆ ಬಿದ್ದ ಏಟು. ಈ ಮಾತು ನನಗೆ ಹಿಡಿಸದು. ಮಾಡದ ತಪ್ಪಿಗೆ ಬಿದ್ದ ಏಟು ಎಂದರೆ, ಉಳಿದವರದೆಲ್ಲ ಮಾಡಿದ ತಪ್ಪಿನ ಏಟು ಎಂದ ಹಾಗಾಯಿತು. ಕಾಯಿಲೆಗೆ ನಾಚಿಕೆ ಸೇರಿಕೊಳ್ಳುವುದು ಹೀಗೆಯೇ. ನಾಚಿದವನು ಭುಜ ಉಳುಕಿದೆ, ನಿದ್ದೆ ಸಾಲದು ಎಂದು ಮುಚ್ಚಿಡುತ್ತಾನೆ. ಬೇಗ ಆಮ್ಲಜನಕ ಕೊಟ್ಟು ಒತ್ತಡದ ಕೋಣೆಗೆ ಸೇರಿಸಬೇಕಾದ ಗಂಟೆಗಳು ಕಳೆದುಹೋಗುತ್ತವೆ. ಬಾಗಿ ನಡೆದವನನ್ನು ನೋಡಿ ನಕ್ಕ ಆ ಮೊದಲ ನಗುವಿನ ಚೂರು ಈ ಪದದಲ್ಲಿ ಇನ್ನೂ ಉಳಿದಿದೆಯೇನೋ ಎಂದು ನನಗೆ ಅಂಜಿಕೆ.

ನೇತ್ರಾಣಿಯಲ್ಲಿ ಮುಳುಗುವ ನಮ್ಮವರು ಸೀಲಿಂಗ್, ಗ್ರೇಡಿಯೆಂಟ್ ಫ್ಯಾಕ್ಟರ್‌ವರೆಗೆ ಹೋಗುವುದಿಲ್ಲ. ಆಳ ಕಡಿಮೆ, ಹೊತ್ತು ಕಡಿಮೆ. ಆದರೆ ಅವರ ಊರಿನ ದಾರಿಯಲ್ಲಿ ಒಂದು ಸಂಗತಿಯಿದೆ. ಬೆಳಿಗ್ಗೆ ಡೈವ್ ಮಾಡಿ ಸಂಜೆ ಬಸ್ಸು ಹತ್ತಿದರೆ ಘಾಟಿ ಏರಿ ಬೆಳಗಾಗುವಷ್ಟರಲ್ಲಿ ಬೆಂಗಳೂರು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿ. ಡೈವ್ ಮಾಡಿದ ಮೇಲೆ ವಿಮಾನ ಹತ್ತುವವರಿಗೆ ‘ಡೈವರ್ಸ್ ಅಲರ್ಟ್ ನೆಟ್‌ವರ್ಕ್’ ಹೇಳುವ ನಿಯಮ 600 ಮೀಟರ್ ಎತ್ತರದ ಒತ್ತಡದಿಂದಲೇ ಶುರುವಾಗುತ್ತದೆ. ಒಂದೇ ಡೈವ್ ಆದರೆ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ ಕಾಯಬೇಕು. ಬಸ್ಸಿಗೂ ಕಾರಿಗೂ ಘಾಟಿ ಘಾಟಿಯೇ. ಆದ್ದರಿಂದ ಆ ರಾತ್ರಿ ದಡದಲ್ಲೇ ಉಳಿಯಿರಿ, ಮರುದಿನ ಮಧ್ಯಾಹ್ನ ಹೊರಡಿ. ಮನೆ ಸೇರಿದ ಮೇಲೂ ಭುಜವೋ ಮೊಣಕಾಲೋ ನೋಯುತ್ತಿದ್ದರೆ ಬಸ್ಸಿನ ಸೀಟನ್ನು ದೂರಬೇಡಿ. ಡಾಕ್ಟರಿಗೆ ಮೊದಲ ಮಾತಿನಲ್ಲೇ “ನಿನ್ನೆ ಡೈವ್ ಮಾಡಿದ್ದೆ, ಬೆಂಡ್ಸ್ ಇರಬಹುದು” ಎಂದು ಹೇಳಿ.